ಟಿಲ್ಟ್-ಶಿಫ್ಟ್ ಲೆನ್ಸ್‌ನೊಂದಿಗೆ ಸೃಜನಶೀಲ ಪ್ರಯೋಗಗಳು: ಸಮಗ್ರ ಮಾರ್ಗದರ್ಶಿ

ಟಿಲ್ಟ್-ಶಿಫ್ಟ್ ಲೆನ್ಸ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಎರಡೇ ಸಂಗತಿಗಳು: ಒಂದು, ವಾಲದೆ ನೆಟ್ಟಗೆ ನಿಂತ ಕಟ್ಟಡಗಳು, ಇನ್ನೊಂದು, ಆಟಿಕೆಗಳಂತೆ ಕಾಣುವ ನಗರಗಳು. ಈ ಎರಡಕ್ಕೂ ಆಚೆ ಈ ಲೆನ್ಸ್‌ನಿಂದ ಮಾಡಬಹುದಾದದ್ದು ಬಹಳಷ್ಟಿದೆ. ಸಾಮಾನ್ಯ ಲೆನ್ಸ್‌ನಲ್ಲಿ ಸ್ಫುಟವಾಗಿ ಮೂಡುವ ಭಾಗ ಯಾವಾಗಲೂ ಸೆನ್ಸರ್‌ಗೆ (ಕ್ಯಾಮೆರಾದೊಳಗೆ ಬಿಂಬವನ್ನು ದಾಖಲಿಸುವ ಫಲಕಕ್ಕೆ) ಸಮಾನಾಂತರವಾದ ಒಂದು ಸಮತಲದಲ್ಲಿರುತ್ತದೆ. ಆ ಸಮತಲವನ್ನು ನಾವು ಹತ್ತಿರಕ್ಕೆ ತರಬಹುದು, ದೂರಕ್ಕೆ ಒಯ್ಯಬಹುದು, ಆದರೆ ಓರೆಯಾಗಿಸಲು ಬರುವುದಿಲ್ಲ. ಟಿಲ್ಟ್-ಶಿಫ್ಟ್ ಲೆನ್ಸ್ ಆ ಕಟ್ಟನ್ನು ಬಿಚ್ಚುತ್ತದೆ. ಫೋಕಸ್ ಸಮತಲ ದೃಶ್ಯದ ಯಾವ ಬಿಂದುಗಳನ್ನು ಹಾದುಹೋಗಬೇಕೆಂದು ಮನಸ್ಸಿನಲ್ಲಿ ಗೆರೆ ಎಳೆದುಕೊಂಡ ಮೇಲೆ ಲೆನ್ಸ್‌ನ ಗುಂಡಿಗೆ ಕೈ ಹಚ್ಚುವವರಿಗೆ ಇದು ಬಹುಬೇಗ ಒಲಿಯುತ್ತದೆ. ಗುಂಡಿಯನ್ನು ಮೊದಲು ತಿರುಗಿಸಿ ಆಮೇಲೆ ಚಿತ್ರವನ್ನು ಹುಡುಕುವವರನ್ನು ವರ್ಷಗಟ್ಟಲೆ ಸತಾಯಿಸುತ್ತದೆ.

ಎರಡು ಚಲನೆಗಳು, ಎರಡು ಕೆಲಸಗಳು

ಶಿಫ್ಟ್ ಎಂದರೆ ಲೆನ್ಸ್ ತನ್ನ ದಿಕ್ಕನ್ನು ಬದಲಿಸದೆ ಸೆನ್ಸರ್‌ಗೆ ಸಮಾನಾಂತರವಾಗಿ ಮೇಲೆ, ಕೆಳಗೆ ಅಥವಾ ಪಕ್ಕಕ್ಕೆ ಸರಿಯುವುದು. ಟಿಲ್ಟ್ ಎಂದರೆ ಲೆನ್ಸ್ ಸೆನ್ಸರ್‌ಗೆ ಕೋನ ಮಾಡಿಕೊಂಡು ಬಾಗುವುದು. ಇವೆರಡೂ ಸಾಧ್ಯವಾಗಬೇಕಾದರೆ ಲೆನ್ಸ್ ಮೂಡಿಸುವ ಬಿಂಬದ ವೃತ್ತ ಸೆನ್ಸರ್‌ಗಿಂತ ಸಾಕಷ್ಟು ದೊಡ್ಡದಾಗಿರಬೇಕು. 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರ್‌ನ ಕರ್ಣ ಸುಮಾರು 43 ಮಿ.ಮೀ. ಇದ್ದರೆ, ಕ್ಯಾನನ್‌ನ 24 ಮಿ.ಮೀ. ಟಿಲ್ಟ್-ಶಿಫ್ಟ್ ಲೆನ್ಸ್‌ನ ಎರಡನೆಯ ಆವೃತ್ತಿ 67 ಮಿ.ಮೀ. ಮೀರಿದ ವ್ಯಾಸದ ಬಿಂಬವೃತ್ತವನ್ನು ಮೂಡಿಸುತ್ತದೆ. ಅದು ಯಾವುದೇ ದಿಕ್ಕಿಗೆ 12 ಮಿ.ಮೀ. ಸರಿಯುತ್ತದೆ, 8.5 ಡಿಗ್ರಿ ಬಾಗುತ್ತದೆ. ಈ ಜಾತಿಯ ಲೆನ್ಸ್‌ಗಳು ಗಾತ್ರದಲ್ಲಿ ದಪ್ಪವಾಗಿ, ಬೆಲೆಯಲ್ಲಿ ದುಬಾರಿಯಾಗಿ ಇರುವುದಕ್ಕೆ ಈ ದೊಡ್ಡ ವೃತ್ತವೂ ಒಂದು ಕಾರಣ.

ತತ್ತ್ವ ಹಳೆಯದು. ತಿದಿಯುಳ್ಳ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸ್ ಫಲಕವನ್ನು ಬಾಗಿಸುವುದು ಹತ್ತೊಂಬತ್ತನೆಯ ಶತಮಾನದಿಂದಲೂ ರೂಢಿಯಲ್ಲಿತ್ತು. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಮ್‌ಫ್ಲುಗ್ ವೈಮಾನಿಕ ಛಾಯಾಚಿತ್ರಗಳ ವಕ್ರತೆಯನ್ನು ತಿದ್ದುವ ಸಲುವಾಗಿ 1904ರಲ್ಲಿ ಪಡೆದ ಪೇಟೆಂಟಿನಿಂದಾಗಿ ಆ ತತ್ತ್ವಕ್ಕೆ ಅವರ ಹೆಸರೇ ನಿಂತಿತು: ಸೆನ್ಸರ್‌ನ ಸಮತಲ, ಲೆನ್ಸ್‌ನ ಸಮತಲ ಮತ್ತು ಫೋಕಸ್ ಸಮತಲ, ಈ ಮೂರೂ ಒಂದೇ ರೇಖೆಯಲ್ಲಿ ಸಂಧಿಸುತ್ತವೆ. 35 ಮಿ.ಮೀ. ಕ್ಯಾಮೆರಾಗಳಿಗೆ ನಿಕಾನ್ 1962ರಲ್ಲಿ ಶಿಫ್ಟ್ ಮಾತ್ರ ಇರುವ ಲೆನ್ಸನ್ನು ತಂದರೆ, ಟಿಲ್ಟ್ ಮತ್ತು ಶಿಫ್ಟ್ ಎರಡನ್ನೂ ಒಟ್ಟಿಗೆ ಕೊಟ್ಟ ಲೆನ್ಸನ್ನು ಕ್ಯಾನನ್ 1973ರಲ್ಲಿ ಹೊರತಂದಿತು.

ಮೊದಲ ಹಂತ: ಸಿದ್ಧತೆ

ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸಿದ ಮೇಲೆ ಟಿಲ್ಟ್ ಮತ್ತು ಶಿಫ್ಟ್ ಎರಡನ್ನೂ ಸೊನ್ನೆಗೆ ತಂದು ಬೀಗ ಹಾಕಿರಿ. ಹಿಂದಿನ ಚಿತ್ರೀಕರಣದಲ್ಲಿ ಉಳಿದುಹೋದ ಅರ್ಧ ಡಿಗ್ರಿ ಟಿಲ್ಟ್ ಚಿಕ್ಕ ಪರದೆಯಲ್ಲಿ ಕಣ್ಣಿಗೆ ಬೀಳದೆ, ದೊಡ್ಡ ಮುದ್ರಣದಲ್ಲಿ ಒಂದು ಬದಿಯ ಮಸುಕಾಗಿ ಎದ್ದು ಕಾಣುತ್ತದೆ. ಟ್ರೈಪಾಡ್ ಬಳಸಿ; ಗುಳ್ಳೆಮಟ್ಟದಿಂದ ಅಥವಾ ಕ್ಯಾಮೆರಾದೊಳಗಿನ ಎಲೆಕ್ಟ್ರಾನಿಕ್ ಮಟ್ಟಸೂಚಕದಿಂದ ಕ್ಯಾಮೆರಾವನ್ನು ಎರಡೂ ಅಕ್ಷಗಳಲ್ಲಿ ಸಮಮಾಡಿಕೊಳ್ಳಿ. ಈ ಲೆನ್ಸ್‌ಗಳಲ್ಲಿ ಆಟೋಫೋಕಸ್ ಇರುವುದು ತೀರಾ ಅಪರೂಪ, ಆದ್ದರಿಂದ ಲೈವ್ ವ್ಯೂ ಪರದೆಯನ್ನು ಹತ್ತು ಪಟ್ಟು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡುವ ಅಭ್ಯಾಸ ಬೇಕು. ಮಿರರ್‌ಲೆಸ್ ಕ್ಯಾಮೆರಾಗಳ ಫೋಕಸ್ ಪೀಕಿಂಗ್ ಸೌಲಭ್ಯ ಇಲ್ಲಿ ಬಹಳ ಉಪಯುಕ್ತ: ಫೋಕಸ್ ಸಮತಲ ದೃಶ್ಯವನ್ನು ಎಲ್ಲಿ ಕತ್ತರಿಸುತ್ತಿದೆ ಎಂಬುದನ್ನು ಅದು ಬಣ್ಣದ ಗೆರೆಯಾಗಿ ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗಲಾರದು.

ಎಕ್ಸ್‌ಪೋಷರ್ ಕೂಡ ಮ್ಯಾನುಯಲ್ ಆಗಿಯೇ ಇರಲಿ. ಎಸ್‌ಎಲ್‌ಆರ್ ಮಾದರಿಯ ಕ್ಯಾಮೆರಾಗಳಲ್ಲಿ ಲೆನ್ಸ್ ಸರಿದಾಗ ಅಥವಾ ಬಾಗಿದಾಗ ಬೆಳಕಳೆಯುವ ವ್ಯವಸ್ಥೆ ತಪ್ಪು ಅಳತೆ ಕೊಡಬಹುದು. ಎರಡೂ ಸೊನ್ನೆಯಲ್ಲಿರುವಾಗಲೇ ಬೆಳಕನ್ನು ಅಳೆದು ಆ ಮೌಲ್ಯಗಳನ್ನು ಸ್ಥಿರಗೊಳಿಸಿಕೊಂಡರೆ ಆ ತೊಂದರೆ ತಪ್ಪುತ್ತದೆ.

ಎರಡನೆಯ ಹಂತ: ಶಿಫ್ಟ್‌ನಿಂದ ಆರಂಭ

ಟಿಲ್ಟ್‌ಗಿಂತ ಮೊದಲು ಶಿಫ್ಟನ್ನು ಕಲಿಯುವುದು ಮೇಲು, ಏಕೆಂದರೆ ಅದರ ಫಲ ಕಣ್ಣಿಗೆ ನೇರವಾಗಿ ಕಾಣುತ್ತದೆ. ಎತ್ತರದ ಕಟ್ಟಡದ ಎದುರು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದರೆ ಸೆನ್ಸರ್ ಓರೆಯಾಗಿ ಲಂಬರೇಖೆಗಳು ಒಂದನ್ನೊಂದು ಕೂಡಿಕೊಳ್ಳತೊಡಗುತ್ತವೆ. ಕ್ಯಾಮೆರಾವನ್ನು ಸಮವಾಗಿಯೇ ಇರಿಸಿ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸಿದರೆ ಆ ರೇಖೆಗಳು ಸಮಾನಾಂತರವಾಗಿ ಉಳಿಯುತ್ತವೆ. ಅಡ್ಡ ಚೌಕಟ್ಟಿನಲ್ಲಿ 12 ಮಿ.ಮೀ. ಶಿಫ್ಟ್ ಎಂದರೆ ಚಿತ್ರದ ಎತ್ತರದ ಅರ್ಧ ಭಾಗ. ನಡುವೆ ಇದ್ದ ದಿಗಂತ ಸರಿಯಾಗಿ ಕೆಳಗಿನ ಅಂಚಿಗೆ ಬಂದು ಕೂಡುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿದ ಉದ್ದ ಚೌಕಟ್ಟಿನಲ್ಲಿ ಅಷ್ಟೇ ಶಿಫ್ಟ್ ದಿಗಂತವನ್ನು ಕೆಳಗಿನ ಆರನೆಯ ಒಂದು ಭಾಗದಲ್ಲಿ ನಿಲ್ಲಿಸುತ್ತದೆ. ಈ ಲೆಕ್ಕ ತಲೆಯಲ್ಲಿದ್ದರೆ ಟ್ರೈಪಾಡ್ ಬಿಚ್ಚುವ ಮುನ್ನವೇ ನಿಲ್ಲಬೇಕಾದ ಜಾಗ ಗೊತ್ತಾಗುತ್ತದೆ. ಅತಿ ಎತ್ತರದ ಕಟ್ಟಡವನ್ನು ಪೂರ್ತಿ ನೆಟ್ಟಗಾಗಿಸಿದಾಗ ಅದರ ತಲೆಭಾಗ ಉಬ್ಬಿದಂತೆ ಕಾಣುವುದುಂಟು. ಅಂಥ ಕಡೆ ಕ್ಯಾಮೆರಾವನ್ನು ಒಂದೆರಡು ಡಿಗ್ರಿ ಮೇಲೆತ್ತಿ ತುಸು ಒಮ್ಮುಖತೆಯನ್ನು ಉಳಿಸಿಕೊಳ್ಳುವುದೇ ಕಣ್ಣಿಗೆ ಹಿತ.

ಶಿಫ್ಟ್ ದೃಶ್ಯದ ದೃಷ್ಟಿಕೋನವನ್ನು ಹೆಚ್ಚುಕಡಿಮೆ ಬದಲಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ದೊಡ್ಡ ಬಿಂಬವೃತ್ತದ ಯಾವ ತುಂಡನ್ನು ಸೆನ್ಸರ್ ದಾಖಲಿಸಬೇಕೆಂಬುದನ್ನಷ್ಟೇ ಅದು ಬದಲಿಸುತ್ತದೆ. ಶಿಫ್ಟ್‌ನ ಸ್ವಾರಸ್ಯಕರ ಪ್ರಯೋಗಗಳೆಲ್ಲ ಈ ಒಂದು ಗುಣದಿಂದ ಹುಟ್ಟುತ್ತವೆ. ಕನ್ನಡಿಯನ್ನು ಎದುರಿನಿಂದ ಚಿತ್ರಿಸಬೇಕು, ಆದರೆ ಕ್ಯಾಮೆರಾ ಅದರಲ್ಲಿ ಕಾಣಬಾರದು ಎಂದುಕೊಳ್ಳಿ. ಕ್ಯಾಮೆರಾವನ್ನು ಕನ್ನಡಿಗೆ ಸಮಾನಾಂತರವಾಗಿಯೇ ಇರಿಸಿ, ಪ್ರತಿಬಿಂಬ ತಪ್ಪುವಷ್ಟು ಎಡಕ್ಕೆ ಸರಿದು, ಲೆನ್ಸನ್ನು ಬಲಕ್ಕೆ ಶಿಫ್ಟ್ ಮಾಡಿರಿ. ಕನ್ನಡಿಯ ಚೌಕಟ್ಟು ನೇರ ಆಯತವಾಗಿ ಮೂಡುತ್ತದೆ, ಒಳಗೆ ಛಾಯಾಗ್ರಾಹಕ ಇರುವುದಿಲ್ಲ. ನೋಡುವವರಿಗೆ ಕಾರಣ ಹೇಳಲಾಗದ ಸಣ್ಣದೊಂದು ಗಲಿಬಿಲಿ ಉಂಟಾಗುತ್ತದೆ. ನಡುವೆ ಬರುವ ಕಂಬವನ್ನು ತಪ್ಪಿಸಲೂ ಇದೇ ಉಪಾಯ.

ಶಿಫ್ಟ್‌ನಿಂದ ಬಿಡಿ ಚಿತ್ರಗಳನ್ನು ಜೋಡಿಸುವುದು ಇನ್ನೊಂದು ದಾರಿ. ಅಡ್ಡ ಚೌಕಟ್ಟಿನಲ್ಲಿ ಎಡಕ್ಕೆ 12, ನಡುವೆ ಸೊನ್ನೆ, ಬಲಕ್ಕೆ 12 ಮಿ.ಮೀ. ಎಂದು ಮೂರು ಚಿತ್ರ ತೆಗೆದು ಜೋಡಿಸಿದರೆ 60×24 ಮಿ.ಮೀ. ಸೆನ್ಸರ್‌ನಿಂದ ತೆಗೆದಂಥ ವಿಶಾಲದೃಶ್ಯ ದೊರೆಯುತ್ತದೆ; ಉದ್ದ ಚೌಕಟ್ಟಿನಲ್ಲಿ ಹೀಗೆಯೇ ಮಾಡಿದರೆ 48×36 ಮಿ.ಮೀ. ಆಗುತ್ತದೆ. ಕ್ಯಾಮೆರಾವನ್ನು ತಿರುಗಿಸಿ ತೆಗೆದ ಪನೋರಮಾಗಳಲ್ಲಿ ಕಾಣುವ ಬಾಗುವಿಕೆ ಇಲ್ಲಿ ಇರುವುದಿಲ್ಲ. ಆದರೆ ಹತ್ತಿರದ ವಸ್ತುಗಳು ಚೌಕಟ್ಟಿನಲ್ಲಿದ್ದಾಗ ಒಂದು ಎಚ್ಚರಿಕೆ ಬೇಕು. ಶಿಫ್ಟ್ ಮಾಡಿದಾಗ ಸರಿಯುವುದು ಲೆನ್ಸ್ ಆದ್ದರಿಂದ ನೋಟದ ಬಿಂದುವೂ ಅಷ್ಟೇ ಸರಿದು, ಹತ್ತಿರದ ಕಂಬ ಹಿಂದಿನ ಗೋಡೆಯೊಂದಿಗೆ ಹೊಂದಿಕೆಯಾಗದೆ ಜೋಡಣೆಯಲ್ಲಿ ಬಿರುಕು ಕಾಣುತ್ತದೆ. ಟ್ರೈಪಾಡ್‌ನ ಮೇಲೆ ಜಾರುಪಟ್ಟಿಯೊಂದನ್ನು ಬಳಸಿ, ಲೆನ್ಸ್ ಬಲಕ್ಕೆ 12 ಮಿ.ಮೀ. ಸರಿದಾಗ ಕ್ಯಾಮೆರಾವನ್ನು ಎಡಕ್ಕೆ 12 ಮಿ.ಮೀ. ಸರಿಸಿದರೆ ಲೆನ್ಸ್ ಇದ್ದಲ್ಲೇ ಉಳಿಯುತ್ತದೆ, ಬಿರುಕು ಮಾಯವಾಗುತ್ತದೆ.

ಮೂರನೆಯ ಹಂತ: ಟಿಲ್ಟ್‌ನ ಲೆಕ್ಕಾಚಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುವುದು ಒಳ್ಳೆಯದು. ಕ್ಯಾಮೆರಾ ಸಮವಾಗಿರುವಾಗ ಲೆನ್ಸನ್ನು ಕೆಳಮುಖವಾಗಿ ಬಾಗಿಸಿದರೆ, ಲೆನ್ಸ್‌ನ ನೇರ ಕೆಳಗೆ ಒಂದು ಕಲ್ಪಿತ ಅಡ್ಡರೇಖೆ ಹುಟ್ಟುತ್ತದೆ, ಮತ್ತು ಫೋಕಸ್ ಸಮತಲ ಆ ರೇಖೆಯನ್ನು ಹಾದೇ ಹೋಗಬೇಕಾಗುತ್ತದೆ. ಬಾಗಿಲು ತನ್ನ ತಿರುಗಣಿಯ ಮೇಲೆ ತಿರುಗುವ ಹಾಗೆ, ಫೋಕಸ್ ಉಂಗುರವನ್ನು ತಿರುಗಿಸಿದಾಗ ಸಮತಲ ಈ ರೇಖೆಯ ಸುತ್ತ ತಿರುಗುತ್ತದೆ. ಉಂಗುರವನ್ನು ಅನಂತದ ಕಡೆಗೆ ತಿರುಗಿಸಿದಂತೆ ಸಮತಲ ನೆಲಕ್ಕೆ ಒರಗುತ್ತದೆ. ಹತ್ತಿರದ ಕಡೆಗೆ ತಿರುಗಿಸಿದಂತೆ ಎದ್ದು ನಿಲ್ಲುತ್ತದೆ. ಅಂದರೆ ತಿರುಗಣಿ ಎಷ್ಟು ಕೆಳಗಿರಬೇಕೆಂಬುದನ್ನು ಟಿಲ್ಟ್ ತೀರ್ಮಾನಿಸುತ್ತದೆ, ಸಮತಲದ ಓರೆ ಎಷ್ಟಿರಬೇಕೆಂಬುದನ್ನು ಫೋಕಸ್ ತೀರ್ಮಾನಿಸುತ್ತದೆ. ಟಿಲ್ಟ್ ಹೆಚ್ಚಿದಷ್ಟೂ ಹೆಚ್ಚು ಭಾಗ ಸ್ಫುಟವಾಗುತ್ತದೆಂಬುದು ಬಹಳ ಜನರ ನಂಬಿಕೆ. ಟಿಲ್ಟ್ ಹೆಚ್ಚಿಸಿದಾಗ ತಿರುಗಣಿ ಲೆನ್ಸ್‌ಗೆ ಹತ್ತಿರವಾಗುತ್ತದೆ, ಅಷ್ಟೇ.

ತಿರುಗಣಿಯ ದೂರವನ್ನು ಕಂಡುಕೊಳ್ಳಲು ಲೆನ್ಸ್‌ನ ನಾಭಿದೂರವನ್ನು (ಲೆನ್ಸ್‌ನ ಹೆಸರಿನಲ್ಲಿರುವ 24 ಮಿ.ಮೀ., 90 ಮಿ.ಮೀ. ಅಳತೆಯನ್ನು) ಟಿಲ್ಟ್ ಕೋನದ ಸೈನ್ ಮೌಲ್ಯದಿಂದ ಭಾಗಿಸಬೇಕು. ಕ್ಯಾಮೆರಾ ನೆಲದಿಂದ 1.5 ಮೀಟರ್ ಎತ್ತರದಲ್ಲಿದ್ದು ನೆಲವೇ ಸ್ಫುಟವಾಗಿ ಮೂಡಬೇಕಾದರೆ 24 ಮಿ.ಮೀ. ಲೆನ್ಸ್‌ಗೆ ಬೇಕಾದ ಟಿಲ್ಟ್ ಸುಮಾರು 0.9 ಡಿಗ್ರಿ, 45 ಮಿ.ಮೀ. ಲೆನ್ಸ್‌ಗೆ 1.7 ಡಿಗ್ರಿ, 90 ಮಿ.ಮೀ. ಲೆನ್ಸ್‌ಗೆ 3.4 ಡಿಗ್ರಿ. ಎಂಟು ಡಿಗ್ರಿಯವರೆಗೆ ಬಾಗುವ ಲೆನ್ಸ್‌ನಲ್ಲಿ ಒಂದು ಡಿಗ್ರಿಗಿಂತ ಕಡಿಮೆ ಸಾಕು ಎಂಬುದು ಮೊದಮೊದಲು ನಂಬಲಾಗದಷ್ಟು ಚಿಕ್ಕದೆನಿಸುತ್ತದೆ. ಅದೇ 24 ಮಿ.ಮೀ. ಲೆನ್ಸನ್ನು ಎಂಟು ಡಿಗ್ರಿ ಬಾಗಿಸಿದರೆ ತಿರುಗಣಿ ಲೆನ್ಸ್‌ನಿಂದ ಕೇವಲ 17 ಸೆಂ.ಮೀ. ಕೆಳಗೆ ಬಂದುಬಿಡುತ್ತದೆ.

ಚಿತ್ರ ತೆಗೆಯುವ ಸ್ಥಳದಲ್ಲಿ ಲೆಕ್ಕದ ಜೊತೆಗೆ ಕಣ್ಣಿನ ಪರೀಕ್ಷೆಯೂ ಬೇಕು. ಅದರ ಕ್ರಮ ಹೀಗಿದೆ: ಟಿಲ್ಟ್ ಸೊನ್ನೆಯಲ್ಲಿಟ್ಟು ದೂರದ ಬಿಂದುವಿಗೆ ಫೋಕಸ್ ಮಾಡಿರಿ. ಪರದೆಯ ಹಿಗ್ಗಿಸಿದ ಚೌಕವನ್ನು ಹತ್ತಿರದ ಬಿಂದುವಿಗೆ ಒಯ್ದು, ಅದು ಸ್ಫುಟವಾಗುವವರೆಗೆ ಟಿಲ್ಟನ್ನು ಕೂದಲೆಳೆಯಷ್ಟು ಮಾತ್ರ ತಿರುಗಿಸುತ್ತ ಹೋಗಿರಿ. ಅಷ್ಟರಲ್ಲಿ ದೂರದ ಬಿಂದು ತುಸು ಕದಲಿರುತ್ತದೆ. ಚೌಕವನ್ನು ಅಲ್ಲಿಗೆ ಮರಳಿಸಿ ಫೋಕಸ್ ಉಂಗುರದಿಂದ ಸರಿಪಡಿಸಿ, ಮತ್ತೆ ಹತ್ತಿರದ ಬಿಂದುವನ್ನು ಟಿಲ್ಟ್‌ನಿಂದ ಸರಿಪಡಿಸಿರಿ. ಎರಡು ಮೂರು ಸುತ್ತಿನಲ್ಲಿ ಎರಡೂ ಬಿಂದುಗಳು ಒಟ್ಟಿಗೆ ಸ್ಫುಟಗೊಳ್ಳುತ್ತವೆ. ದೂರಕ್ಕೆ ಫೋಕಸ್, ಹತ್ತಿರಕ್ಕೆ ಟಿಲ್ಟ್: ಈ ಕ್ರಮವನ್ನು ಅದಲುಬದಲು ಮಾಡಿದರೆ ಕೆಲಸ ಮುಗಿಯುವುದೇ ಇಲ್ಲ. ಲೆನ್ಸ್ ಬಾಗಿದಾಗ ಚಿತ್ರದ ಚೌಕಟ್ಟೂ ಅಷ್ಟಿಷ್ಟು ಜರುಗುವುದರಿಂದ ಸಂಯೋಜನೆಯನ್ನು ಕೊನೆಯಲ್ಲೊಮ್ಮೆ ಶಿಫ್ಟ್‌ನಿಂದ ತಿದ್ದಿಕೊಳ್ಳಬೇಕಾಗುತ್ತದೆ.

ಸ್ಫುಟತೆಯ ಆಳದ ಆಕಾರವೂ ಈಗ ಬೇರೆಯಾಗಿರುತ್ತದೆ. ಅದು ಎರಡು ಸಮಾನಾಂತರ ಗೋಡೆಗಳ ನಡುವಿನ ಜಾಗವಾಗಿ ಉಳಿಯದೆ, ತಿರುಗಣಿಯಲ್ಲಿ ಮೊನೆಯಾಗಿ ಆರಂಭವಾಗಿ ದೂರಕ್ಕೆ ಹೋದಂತೆ ಅಗಲವಾಗುವ ಬೆಣೆಯ ಆಕಾರ ತಾಳುತ್ತದೆ. ಮೇಲಿನ 1.5 ಮೀಟರ್ ಎತ್ತರದ ಉದಾಹರಣೆಯಲ್ಲಿ 24 ಮಿ.ಮೀ. ಲೆನ್ಸನ್ನು ಎಫ್ 8 ಅಪರ್ಚರ್‌ನಲ್ಲಿ (ಅಪರ್ಚರ್ ಎಂದರೆ ಲೆನ್ಸ್‌ನೊಳಗಿನ ಬೆಳಕಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಬಳಸಿದರೆ, 2.4 ಮೀಟರ್ ದೂರದಲ್ಲಿ ಸಮತಲದ ಮೇಲಕ್ಕೂ ಕೆಳಕ್ಕೂ ಸುಮಾರು ಒಂದೂವರೆ ಮೀಟರ್‌ನಷ್ಟು ಭಾಗ ಸ್ಫುಟವಾಗಿರುತ್ತದೆ, 1.2 ಮೀಟರ್ ದೂರದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ದೂರದ ಮರದ ತುದಿಯ ಚಿಂತೆ ಅಷ್ಟಾಗಿ ಬೇಡ. ಕಾಲ ಬಳಿ ಎತ್ತರಕ್ಕೆ ಬೆಳೆದ ಹುಲ್ಲಿನ ತುದಿಯ ಬಗ್ಗೆಯೇ ಎಚ್ಚರ ಬೇಕು.

ನಾಲ್ಕನೆಯ ಹಂತ: ಆಟಿಕೆ ಲೋಕದ ಭ್ರಮೆ

ಮಿನಿಯೇಚರ್ ಪರಿಣಾಮಕ್ಕೆ ಟಿಲ್ಟನ್ನು ಉಲ್ಟಾ ದಿಕ್ಕಿಗೆ ಬಳಸಬೇಕು. ನೆಲವನ್ನು ಸ್ಫುಟಗೊಳಿಸಲು ಲೆನ್ಸ್ ಕೆಳಕ್ಕೆ ಬಾಗಿದರೆ, ಇಲ್ಲಿ ಅದು ಮೇಲಕ್ಕೆ ಬಾಗುತ್ತದೆ. ಆಗ ಫೋಕಸ್ ಸಮತಲ ನೆಲವನ್ನು ಕಡಿದಾಗಿ ಕತ್ತರಿಸಿ, ತೆಳುವಾದ ಒಂದು ಪಟ್ಟಿ ಮಾತ್ರ ಸ್ಫುಟವಾಗಿ ಉಳಿದು, ಅದರ ಹಿಂದುಮುಂದಿನದೆಲ್ಲ ಮಸುಕಾಗುತ್ತದೆ. ಅಷ್ಟು ಕಡಿಮೆ ಆಳದ ಸ್ಫುಟತೆಯನ್ನು ನಮ್ಮ ಕಣ್ಣು ಕಂಡಿರುವುದು ಅತಿ ಹತ್ತಿರದಿಂದ ತೆಗೆದ ಸಣ್ಣ ವಸ್ತುಗಳ ಚಿತ್ರಗಳಲ್ಲಿ. ಹಾಗಾಗಿ ನಿಜವಾದ ಬೀದಿಯನ್ನೂ ಅದು ಮಾದರಿಯೆಂದೇ ಬಗೆಯುತ್ತದೆ. ಇಟಲಿಯ ಛಾಯಾಗ್ರಾಹಕ ಒಲಿವೊ ಬಾರ್ಬಿಯೆರಿ 2003ರಿಂದ ಹೆಲಿಕಾಪ್ಟರ್‌ನಲ್ಲಿ ಕುಳಿತು ತೆಗೆದ ನಗರಚಿತ್ರಗಳು ಈ ಭ್ರಮೆಯನ್ನು ಕಲಾ ಗ್ಯಾಲರಿಗಳವರೆಗೆ ಒಯ್ದವು.

ಟಿಲ್ಟನ್ನು ಗರಿಷ್ಠಕ್ಕೆ ತಿರುಗಿಸಿ, ಅಪರ್ಚರನ್ನು ಪೂರ್ತಿ ತೆರೆದು, ಮುಖ್ಯವಸ್ತುವಿಗೆ ಫೋಕಸ್ ಮಾಡುವುದಷ್ಟೇ ತಾಂತ್ರಿಕ ಭಾಗ. ಭ್ರಮೆ ಗಟ್ಟಿಯಾಗುವುದು ಸ್ಥಳದ ಆಯ್ಕೆಯಲ್ಲಿ. ಎತ್ತರದಿಂದ, ಕೆಳಮುಖವಾಗಿ ಮೂವತ್ತರಿಂದ ನಲವತ್ತೈದು ಡಿಗ್ರಿ ಕೋನದಲ್ಲಿ ನೋಡಿದಾಗ ಮೇಜಿನ ಮೇಲಿನ ಮಾದರಿಯನ್ನು ನೋಡುವ ಕೋನವೇ ದೊರೆಯುತ್ತದೆ. ಗಟ್ಟಿ ಬಣ್ಣಗಳು, ಚೊಕ್ಕವಾದ ಅಂಚುಗಳು, ಸ್ಪಷ್ಟ ನೆರಳು ಬೀಳಿಸುವ ಬಿಸಿಲು ಇದ್ದರೆ ಒಳಿತು. ದಿಗಂತ ಚೌಕಟ್ಟಿನಲ್ಲಿ ಬಾರದಿರಲಿ, ಆಕಾಶ ಕಂಡೊಡನೆ ಭ್ರಮೆ ಒಡೆಯುತ್ತದೆ. ಸ್ಫುಟ ಪಟ್ಟಿಯಿಂದ ಮೇಲೆದ್ದು ನಿಲ್ಲುವ ಗೋಪುರದ ಬುಡ ಸ್ಪಷ್ಟವಾಗಿ, ತುದಿ ಮಸುಕಾಗಿ ಮೂಡುತ್ತದೆ; ಹಾಗೆ ಬೇಡವಾದರೆ ರೈಲು ಹಳಿ, ಆಟದ ಮೈದಾನ, ದೋಣಿಗಳು ನಿಂತ ದಂಡೆ ಮುಂತಾದ ಚಪ್ಪಟೆ ದೃಶ್ಯಗಳನ್ನು ಆರಿಸಿಕೊಳ್ಳಬೇಕು. ಟೈಮ್‌ಲ್ಯಾಪ್ಸ್ ಮಾಡುವವರು ಸೆಕೆಂಡಿಗೊಂದು ಚಿತ್ರ ತೆಗೆದು ಸೆಕೆಂಡಿಗೆ 24 ಅಥವಾ 25 ಚಿತ್ರಗಳಂತೆ ಓಡಿಸಲಿ, ಷಟರ್ ವೇಗವನ್ನು ಸೆಕೆಂಡಿನ 1/250ರಷ್ಟು ಚುರುಕಾಗಿ ಇಡಲಿ. ಚಲನೆಯ ಮಸುಕು ಇಲ್ಲದ ಕಾರುಗಳು ತುಸು ಕುಪ್ಪಳಿಸುತ್ತ ಸಾಗುವುದರಿಂದ ಬೊಂಬೆಗಳನ್ನು ಸರಿಸಿ ಸರಿಸಿ ತೆಗೆದ ಚಿತ್ರದಂತೆಯೇ ಕಾಣುತ್ತದೆ.

ಇಷ್ಟಾದರೂ, ಈ ಪರಿಣಾಮ ಬೇಗ ಹಳತಾಗುವಂಥದ್ದು ಎಂದೇ ನನ್ನ ಅಭಿಪ್ರಾಯ. ಅದನ್ನು ಕಲಿತು ಮುಂದಿನ ಹಂತಕ್ಕೆ ಸಾಗಿದವರಿಗೇ ಈ ಲೆನ್ಸ್ ತನ್ನ ನಿಜವಾದ ಬೆಲೆಯನ್ನು ತೀರಿಸುತ್ತದೆ.

ಐದನೆಯ ಹಂತ: ಸಮತಲವನ್ನು ಪಕ್ಕಕ್ಕೆ ತಿರುಗಿಸುವುದು

ಲೆನ್ಸ್‌ನ ಬಾಗುವ ಭಾಗವನ್ನು 90 ಡಿಗ್ರಿ ತಿರುಗಿಸಿದರೆ ಟಿಲ್ಟ್ ಎಡಬಲಕ್ಕೆ ಕೆಲಸ ಮಾಡುತ್ತದೆ, ಫೋಕಸ್ ಸಮತಲ ನಿಂತ ಗೋಡೆಯಂತೆ ದೃಶ್ಯವನ್ನು ಕರ್ಣದಿಕ್ಕಿನಲ್ಲಿ ಸೀಳುತ್ತದೆ. ಉದ್ದನೆಯ ಗೋಡೆಯೊಂದರ ಪಕ್ಕ ನಿಂತು ಲೆನ್ಸನ್ನು ಗೋಡೆಯ ಕಡೆಗೆ ಬಾಗಿಸಿದರೆ, ಅಪರ್ಚರ್ ಪೂರ್ತಿ ತೆರೆದಿದ್ದರೂ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಸ್ಫುಟವಾಗಿರುತ್ತದೆ. ಅದರ ಪಕ್ಕದಲ್ಲೇ ನಡೆದುಹೋಗುವ ವ್ಯಕ್ತಿ ಮಾತ್ರ ಕರಗಿದಂತೆ ಕಾಣುತ್ತಾನೆ. ವಿರುದ್ಧ ದಿಕ್ಕಿಗೆ ಬಾಗಿಸಿದರೆ ಅದೇ ಗೋಡೆಯಲ್ಲಿ ಒಂದೆರಡು ಇಟ್ಟಿಗೆಗಳಷ್ಟು ಅಗಲದ ಸೀಳು ಮಾತ್ರ ಉಳಿಯುತ್ತದೆ. ಒಂದೇ ಜಾಗದಿಂದ ಈ ಎರಡನ್ನೂ ತೆಗೆದು ಹೋಲಿಸಿ ನೋಡುವುದು ಅತ್ಯುತ್ತಮ ಅಭ್ಯಾಸ.

ಭಾವಚಿತ್ರದಲ್ಲಿ ಇದರ ಶಕ್ತಿ ಇನ್ನೂ ಹೆಚ್ಚು. ಒಬ್ಬರು ಎಡಗಡೆ ಒಂದೂವರೆ ಮೀಟರ್ ದೂರದಲ್ಲಿ, ಇನ್ನೊಬ್ಬರು ಬಲಗಡೆ ನಾಲ್ಕು ಮೀಟರ್ ದೂರದಲ್ಲಿ ಇದ್ದಾರೆನ್ನಿ. ಲೆನ್ಸನ್ನು ಎಡಕ್ಕೆ, ಅಂದರೆ ಹತ್ತಿರದ ವ್ಯಕ್ತಿಯ ಕಡೆಗೆ, ಬಾಗಿಸಿ, ದೂರದ ಮುಖಕ್ಕೆ ಫೋಕಸ್, ಹತ್ತಿರದ ಮುಖಕ್ಕೆ ಟಿಲ್ಟ್ ಎಂಬ ಅದೇ ಕ್ರಮವನ್ನು ಅನುಸರಿಸಿದರೆ ಎಫ್ 2.8ರಲ್ಲೂ ಎರಡು ಮುಖಗಳು ಸ್ಫುಟವಾಗಿ, ಅವುಗಳ ಹಿಂದುಮುಂದೆ ಇರುವುದೆಲ್ಲ ಮಸುಕಾಗಿ ಮೂಡುತ್ತದೆ. ಬೇರಾವ ಲೆನ್ಸ್ ಕೂಡ ಒಂದೇ ಒಡ್ಡಿಕೆಯಲ್ಲಿ (ಎಕ್ಸ್‌ಪೋಷರ್‌ನಲ್ಲಿ) ಇದನ್ನು ಕೊಡಲಾರದು. ಒಬ್ಬರದೇ ಭಾವಚಿತ್ರವಾದರೆ, ಕಣ್ಣಿನಿಂದ ಆರಂಭಿಸಿ ಭುಜದ ಮೂಲಕ ಚಾಚಿದ ಕೈಯ ಬೆರಳ ತುದಿಯವರೆಗೆ ಸ್ಫುಟತೆಯ ಗೆರೆಯನ್ನು ಒಯ್ಯಬಹುದು. ವ್ಯಕ್ತಿ ಒಂದಿಷ್ಟು ಅಲುಗಿದರೂ ಎಲ್ಲವೂ ಕೆಡುತ್ತದೆ. ಕುರ್ಚಿಗೆ ಒರಗಿಸಿ ಕೂರಿಸುವುದು ಕ್ಷೇಮ.

ಮೇಜಿನ ಮೇಲಿನ ಪ್ರಯೋಗಗಳಿಗೆ 90 ಮಿ.ಮೀ. ಆಸುಪಾಸಿನ ಲೆನ್ಸ್ ಸೂಕ್ತ. ಕೈಬರಹದ ಹಾಳೆಯೊಂದರ ಮೇಲೆ ಲೇಖನಿಯನ್ನು ನಿಲ್ಲಿಸಿ, ತಗ್ಗಿನ ಕೋನದಿಂದ ನೋಡುತ್ತ ಸಮತಲವನ್ನು ಹಾಳೆಯ ಮೇಲೆ ಸರಿಯಾಗಿ ಮಲಗಿಸಿರಿ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪ್ರತಿ ಅಕ್ಷರವೂ, ಕಾಗದದ ನಾರುಗಳೂ ಸ್ಫುಟವಾಗಿರುತ್ತವೆ. ಲೇಖನಿಯ ಮೊನೆ ಶಾಯಿಯನ್ನು ಮುಟ್ಟುವ ಬಿಂದುವೂ ಹಾಗೆಯೇ. ಅಲ್ಲಿಂದ ಒಂದು ಬೆರಳಗಲ ಮೇಲೆ ಬಂದರೆ ಲೇಖನಿಯ ಮೈ ಮಸುಕಿನೊಳಗೆ ಕಳೆದುಹೋಗುತ್ತದೆ. ಇಷ್ಟು ಹತ್ತಿರದ ಕೆಲಸದಲ್ಲಿ ತಿರುಗಣಿಯ ದೂರ ಬಹಳ ಕಡಿಮೆ ಇರುವುದರಿಂದ ಲೆನ್ಸ್‌ನ ಪೂರ್ತಿ ಟಿಲ್ಟ್ ಬೇಕಾಗಬಹುದು.

ಆರನೆಯ ಹಂತ: ಒಡ್ಡಿಕೆಯ ನಡುವೆ ಚಲನೆ

ಇದು ನಿಯಮಗಳಿಲ್ಲದ ಜಾಗ. ರಾತ್ರಿಯ ದೀಪಗಳ ಎದುರು ನಾಲ್ಕರಿಂದ ಎಂಟು ಸೆಕೆಂಡುಗಳ ಒಡ್ಡಿಕೆ ಇಟ್ಟು, ಮೊದಲ ಅರ್ಧದಲ್ಲಿ ಏನನ್ನೂ ಮುಟ್ಟದೆ, ಉಳಿದರ್ಧದಲ್ಲಿ ಶಿಫ್ಟ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿದರೆ ಕಟ್ಟಡಗಳು ಗುರುತಿಸುವಂತೆ ಉಳಿದು, ದೀಪಗಳಿಂದ ನೇರ ಗೆರೆಗಳು ಹೊರಡುತ್ತವೆ. ಶಿಫ್ಟ್‌ನ ಬದಲು ಟಿಲ್ಟನ್ನು ತಿರುಗಿಸಿದರೆ ಗೆರೆಗಳು ಜಾಗದಿಂದ ಜಾಗಕ್ಕೆ ಅಗಲ ಬದಲಿಸುತ್ತ ಹೋಗುತ್ತವೆ. ಚಲನೆಯ ಬೀಗವನ್ನು ಮೊದಲೇ ಸಡಿಲಿಸಿ, ಕೈಯ ಅದುರು ಕ್ಯಾಮೆರಾಕ್ಕೆ ತಗಲದಂತೆ ಟ್ರೈಪಾಡನ್ನು ಬಿಗಿಯಾಗಿ ನಿಲ್ಲಿಸಿಕೊಂಡರೆ ಸಾಕು.

ಅಪರ್ಚರ್, ಫಿಲ್ಟರ್, ಸಂಸ್ಕರಣೆ

ಟಿಲ್ಟ್ ಇರುವಾಗ ಎಫ್ 16, ಎಫ್ 22ರಂಥ ಕಿರಿದಾದ ಅಪರ್ಚರ್‌ಗಳ ಅಗತ್ಯ ಕಡಿಮೆಯಾಗುತ್ತದೆ, ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಚಿತ್ರ ಮೆತ್ತಗಾಗುವುದೂ ತಪ್ಪುತ್ತದೆ. ಭೂದೃಶ್ಯಕ್ಕೆ ಎಫ್ 8ರಿಂದ ಎಫ್ 11 ಸಾಕು. ಗರಿಷ್ಠ ಶಿಫ್ಟ್‌ನಲ್ಲಿ ಬಿಂಬವೃತ್ತದ ಅಂಚನ್ನು ಬಳಸುವುದರಿಂದ ಒಂದು ಬದಿ ಕಪ್ಪಾಗುವುದುಂಟು, ದಪ್ಪ ಚೌಕಟ್ಟಿನ ಫಿಲ್ಟರ್ ಹಾಕಿದ್ದರೆ ಇನ್ನಷ್ಟು. ಎಷ್ಟು ಶಿಫ್ಟ್ ಆಗಿದೆಯೆಂಬುದು ಸಾಮಾನ್ಯವಾಗಿ ಫೈಲ್‌ನಲ್ಲಿ ದಾಖಲಾಗದ ಕಾರಣ ಸಾಫ್ಟ್‌ವೇರ್‌ನ ಸಿದ್ಧ ಲೆನ್ಸ್ ಪ್ರೊಫೈಲ್ ತಪ್ಪು ಬದಿಯನ್ನು ಬೆಳಗಿಸಿಬಿಡಬಹುದು; ಅದನ್ನು ಆಫ್ ಮಾಡಿ ಗ್ರೇಡಿಯೆಂಟ್‌ನಿಂದ ಕೈಯಾರೆ ತಿದ್ದುವುದು ವಾಸಿ. ಜೋಡಿಸಲು ತೆಗೆದ ಚಿತ್ರಗಳಿಗೆಲ್ಲ ಒಂದೇ ಎಕ್ಸ್‌ಪೋಷರ್, ಒಂದೇ ವೈಟ್ ಬ್ಯಾಲೆನ್ಸ್ ಇರಬೇಕು.

ಲೆನ್ಸ್ ಇಲ್ಲದವರಿಗೆ

ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಹಳೆಯ ಮ್ಯಾನುಯಲ್ ಲೆನ್ಸನ್ನು ಬಾಗುವ ಅಡಾಪ್ಟರ್ ಮೂಲಕ ಜೋಡಿಸಬಹುದು. ಮೀಡಿಯಂ ಫಾರ್ಮ್ಯಾಟ್ (ಫುಲ್ ಫ್ರೇಮ್‌ಗಿಂತ ದೊಡ್ಡ ಫಿಲ್ಮ್ ಅಥವಾ ಸೆನ್ಸರ್ ಇರುವ) ಕ್ಯಾಮೆರಾಗಳಿಗಾಗಿ ಮಾಡಿದ ಲೆನ್ಸ್ ಆಗಿದ್ದರೆ ಬಿಂಬವೃತ್ತವೂ ದೊಡ್ಡದಿರುವುದರಿಂದ ಅಂಚು ಕಪ್ಪಾಗುವ ಭಯವಿಲ್ಲ. ಇನ್ನೂ ಅಗ್ಗದ ದಾರಿಯೆಂದರೆ ಲೆನ್ಸನ್ನು ಬಿಚ್ಚಿ ಕ್ಯಾಮೆರಾದ ಬಾಯಿಯ ಮುಂದೆ ಕೈಯಲ್ಲೇ ಹಿಡಿದು ಬಾಗಿಸುವುದು. 50 ಮಿ.ಮೀ. ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಿ, ಅಪರ್ಚರ್ ತೆರೆದು, ಬಾಯಿಯಿಂದ ಕೆಲವೇ ಮಿ.ಮೀ. ಅಂತರದಲ್ಲಿ ಹಿಡಿಯಬೇಕು. ಸಂದಿಯಿಂದ ನುಗ್ಗುವ ಬೆಳಕು ಕೆಲವೊಮ್ಮೆ ಚಿತ್ರಕ್ಕೆ ಸೊಗಸನ್ನೇ ತರುತ್ತದೆ. ಆದರೆ ಅದೇ ಸಂದಿಯಿಂದ ಧೂಳೂ ಸೆನ್ಸರ್‌ಗೆ ಇಳಿಯುತ್ತದೆ. ಗಾಳಿ ಬೀಸುವ ಬಯಲಿನಲ್ಲಿ ಈ ಪ್ರಯೋಗ ಬೇಡ. ಸಾಫ್ಟ್‌ವೇರ್‌ನಲ್ಲಿ ಮೇಲೆ ಕೆಳಗೆ ಮಸುಕಿನ ಪಟ್ಟಿ ಬಳಿದು ಮಿನಿಯೇಚರ್ ಮಾಡುವುದು ಎಲ್ಲಕ್ಕಿಂತ ಸುಲಭ. ಅದನ್ನು ನಂಬುವಂತೆ ಮಾಡಬೇಕಾದರೆ, ಒಂದೇ ದೂರದಲ್ಲಿರುವ ವಸ್ತುಗಳಿಗೆ ಒಂದೇ ಪ್ರಮಾಣದ ಮಸುಕು ಸಿಗುವಂತೆ ಮಾಸ್ಕನ್ನು ಕೈಯಿಂದ ಕತ್ತರಿಸಬೇಕು, ಮಸುಕಿನ ಅಂಚು ಥಟ್ಟನೆ ಮುಗಿಯದೆ ಹಂತಹಂತವಾಗಿ ತೆಳುವಾಗುತ್ತ ಹೋಗಬೇಕು.